ಮೊದಲು ಪತ್ರ, ಆಮೇಲೆ ಅಲಂಕಾರ

ಯಾರ ಇಮೇಲ್ ಪೆಟ್ಟಿಗೆ ತೆರೆದರೂ ಅಲ್ಲಿ ಬಂದು ಬಿದ್ದಿರುವ ವ್ಯಾಪಾರದ ಪತ್ರಗಳು ಎರಡು ಬಗೆಯವು. ಒಂದು ಬಗೆಯಲ್ಲಿ ನೆತ್ತಿಯ ಮೇಲೆ ಕಂಪನಿಯ ಲೋಗೋ, ಅದರಡಿ ಅಗಲವಾದ ಬಣ್ಣದ ಚಿತ್ರ, ನಡುವೆ ಎರಡು ಮೂರು ಅಂಕಣಗಳಲ್ಲಿ ಸರಕು, ಅಲ್ಲಲ್ಲಿ ‘ಈಗಲೇ ಕೊಳ್ಳಿ’ ಎಂಬ ಬಟನ್, ಕೊನೆಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಚಿಹ್ನೆಗಳ ಸಾಲು. ಇನ್ನೊಂದು ಬಗೆಯದರಲ್ಲಿ ಬರೀ ಅಕ್ಷರ. ನಮಸ್ಕಾರ ಎಂದು ಶುರುವಾಗಿ, ನಾಲ್ಕಾರು ಸಾಲಿನಲ್ಲಿ ವಿಷಯ ಹೇಳಿ, ಒಂದು ಲಿಂಕ್ ಕೊಟ್ಟು, ಕೆಳಗೆ ಒಬ್ಬರ ಹೆಸರು ಬರೆದು ಮುಗಿಯುತ್ತದೆ. ಮೊದಲನೆಯದನ್ನು ಮಾಡಲು ಡಿಸೈನರ್ ಬೇಕು, ಟೆಂಪ್ಲೇಟ್ ಬೇಕು, ಹತ್ತು ಬಗೆಯ ಫೋನುಗಳಲ್ಲಿ ಹೇಗೆ ಕಾಣುತ್ತದೆಂದು ನೋಡುವ ವ್ಯವಧಾನ ಬೇಕು. ಎರಡನೆಯದಕ್ಕೆ ಬರೆಯಲು ಬಂದರೆ ಸಾಕು. ಆದರೂ ಹೊಸದಾಗಿ ಅಂಗಡಿ, ಪ್ರಕಾಶನ, ತರಬೇತಿ ಕೇಂದ್ರ ತೆರೆದವರಲ್ಲಿ ಬಹಳಷ್ಟು ಜನ ಮೊದಲನೆಯದೇ ‘ಪ್ರೊಫೆಷನಲ್’ ಎಂದು ನಂಬಿ ಅದಕ್ಕೆ ದುಡ್ಡು ಸುರಿಯುತ್ತಾರೆ. ಈ ನಂಬಿಕೆ ತಲೆಕೆಳಗಾಗಬೇಕು ಎಂಬುದು ನನ್ನ ವಾದ. ವ್ಯಾಪಾರದ ಇಮೇಲ್ ಸಾದಾ ರೂಪದಿಂದಲೇ ಹೊರಡಬೇಕು; ಚಿತ್ರ, ಬಣ್ಣ, ಅಂಕಣ ಯಾವುದೇ ಆಗಲಿ, ತಾನು ಅಲ್ಲಿ ಏಕಿರಬೇಕು ಎಂಬುದಕ್ಕೆ ಕಾರಣ ಕೊಟ್ಟ ಮೇಲೆ ಒಳಗೆ ಬರಬೇಕು.

‘ಸಾದಾ’ ಎಂದಾಗ ಎರಡು ಸಂಗತಿಗಳು ಒಂದಕ್ಕೊಂದು ಬೆರೆತು ಗೊಂದಲವಾಗುತ್ತದೆ, ಅದನ್ನು ಮೊದಲೇ ಬಿಡಿಸಿಡಬೇಕು. 1971ರಲ್ಲಿ ರೇ ಟಾಮ್‌ಲಿನ್ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಜಾಲದ ಮೂಲಕ ಸಂದೇಶ ಕಳಿಸಿದ ಕಾಲದಿಂದ ಸುಮಾರು ಎರಡು ದಶಕ ಇಮೇಲ್ ಎಂದರೆ ಅಕ್ಷರ ಮಾತ್ರ. ದಪ್ಪಕ್ಷರವಿಲ್ಲ, ಬಣ್ಣವಿಲ್ಲ, ಚಿತ್ರವಿಲ್ಲ. 1992ರಲ್ಲಿ ನಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ರೂಪಿಸಿದ ಮೈಮ್ ಎಂಬ ಮಾನದಂಡ ಬಂದಾಗ ಚಿತ್ರ, ಧ್ವನಿಯನ್ನೂ ಪತ್ರದೊಳಗೆ ಕಟ್ಟಿ ಕಳಿಸಲು ದಾರಿಯಾಯಿತು. ಆಮೇಲೆ ವೆಬ್‌ಪುಟಗಳ ಭಾಷೆಯಾದ ಎಚ್‌ಟಿಎಂಎಲ್ ಇಮೇಲ್‌ನೊಳಗೂ ಬಂತು. ಮೈಮ್‌ನಲ್ಲಿ ಒಂದು ಒಳ್ಳೆಯ ಏರ್ಪಾಡಿದೆ: ಒಂದೇ ಪತ್ರದ ಎರಡು ಪ್ರತಿಗಳನ್ನು, ಶುದ್ಧ ಅಕ್ಷರದ್ದೊಂದು ಎಚ್‌ಟಿಎಂಎಲ್‌ನದ್ದೊಂದು, ಒಟ್ಟಿಗೆ ಕಳಿಸಬಹುದು, ಓದುವ ಸಾಧನ ತನಗೆ ಒಗ್ಗುವುದನ್ನು ಆರಿಸಿಕೊಳ್ಳುತ್ತದೆ. ಹಾಗಾಗಿ ಇಂದು ನಮಗೆ ಸಾದಾ ಎನಿಸುವ ಪತ್ರಗಳಲ್ಲಿ ಹೆಚ್ಚಿನವು ಒಳಗಿನ ಕೋಡಿನ ಮಟ್ಟಿಗೆ ಎಚ್‌ಟಿಎಂಎಲ್ಲೇ. ಲಿಂಕಿಗೆ ನೀಲಿ ಬಣ್ಣ, ಎಲ್ಲೋ ಒಂದು ದಪ್ಪಕ್ಷರ, ಅಷ್ಟರಲ್ಲೇ ನಿಂತ ಎಚ್‌ಟಿಎಂಎಲ್. ಓದುಗರ ಮೇಲೆ ಪರಿಣಾಮ ಮಾಡುವುದು ಕಣ್ಣಿಗೆ ಕಾಣುವ ರೂಪ. ನಾನು ಸಾದಾ ಎನ್ನುವಾಗ ಹೇಳುತ್ತಿರುವುದು ಆ ಕಾಣುವ ಸರಳತೆಯನ್ನು.

ಕಾಣುವ ರೂಪಕ್ಕೆ ಇಷ್ಟು ತೂಕ ಏಕೆ? ಏಕೆಂದರೆ ಮೊದಲ ಶಬ್ದ ಓದುವ ಮುಂಚೆಯೇ ಪತ್ರದ ಆಕಾರ ಒಂದು ಮಾತು ಹೇಳಿಬಿಟ್ಟಿರುತ್ತದೆ. ನಮ್ಮಲ್ಲಿ ಮದುವೆಗೆ ಅಚ್ಚು ಹಾಕಿಸಿದ ಲಗ್ನಪತ್ರಿಕೆ ನೂರಾರು ಮನೆಗೆ ಹೋಗುತ್ತದೆ. ಹತ್ತಿರದವರ ಮನೆಗೆ ಮಾತ್ರ ಖುದ್ದಾಗಿ ಹೋಗಿ, ಅರಿಶಿನ ಕುಂಕುಮ ಕೊಟ್ಟು ಕರೆಯುತ್ತೇವೆ. ಪತ್ರಿಕೆ ಎಷ್ಟೇ ಚೆನ್ನಾಗಿದ್ದರೂ ಅದು ಎಲ್ಲರಿಗೂ ಹೋದದ್ದು ಎಂದು ಪಡೆದವರಿಗೆ ಗೊತ್ತು. ಬಣ್ಣದ ಇಮೇಲ್ ಕೂಡ ತೆರೆದ ಕ್ಷಣದಲ್ಲೇ ‘ಇದು ಎಲ್ಲರಿಗೂ ಹೋದದ್ದು, ಜಾಹೀರಾತು’ ಎಂದು ತನ್ನ ಗುರುತನ್ನು ತಾನೇ ಹೇಳಿಕೊಳ್ಳುತ್ತದೆ. ಜಾಹೀರಾತಿನಂತೆ ಕಂಡದ್ದನ್ನು ದಾಟಿಹೋಗಲು ನಮ್ಮ ಕಣ್ಣು ಬಹಳ ಹಿಂದೆಯೇ ಕಲಿತಿದೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಬೆನ್‌ವೇ ಮತ್ತು ಲೇನ್ 1998ರಲ್ಲೇ ಇದನ್ನು ತೋರಿಸಿದ್ದರು: ವೆಬ್‌ಪುಟದಲ್ಲಿ ಒಂದು ಮಾಹಿತಿ ಹುಡುಕಲು ಹೇಳಿದಾಗ, ಆ ಮಾಹಿತಿಯನ್ನು ಎದ್ದುಕಾಣುವ ಬ್ಯಾನರಿನೊಳಗೆ ಇಟ್ಟರೆ ಜನ ಅದನ್ನೇ ಬಿಟ್ಟು ಬೇರೆಡೆ ಹುಡುಕುತ್ತಿದ್ದರು. ಎದ್ದು ಕಾಣಲೆಂದು ಮಾಡಿದ ಅಲಂಕಾರವೇ ಅದನ್ನು ಮರೆಮಾಡಿತ್ತು. ಇಮೇಲ್ ಪೆಟ್ಟಿಗೆಯಲ್ಲಿ ಈ ಅಭ್ಯಾಸ ಇನ್ನೂ ಗಟ್ಟಿ, ಸಮಯವಂತೂ ಇನ್ನೂ ಕಡಿಮೆ. ನೀಲ್ಸನ್ ನಾರ್ಮನ್ ಗ್ರೂಪ್ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಾವೇ ಕೇಳಿ ತರಿಸಿಕೊಂಡ ಸುದ್ದಿಪತ್ರಗಳನ್ನು ಕೂಡ ಜನ ತೆರೆದ ಮೇಲೆ ನೋಡುತ್ತಿದ್ದದ್ದು ಸರಾಸರಿ 51 ಸೆಕೆಂಡ್. ಆ ಒಂದು ನಿಮಿಷದೊಳಗೆ ಲೋಗೋ, ಬ್ಯಾನರು, ಅಲಂಕಾರದ ಗೆರೆಗಳನ್ನೆಲ್ಲ ಹಾದು ವಿಷಯಕ್ಕೆ ತಲುಪಬೇಕೆಂದು ಓದುಗರನ್ನು ಕೇಳುವುದು ಅನ್ಯಾಯ.

ಇದು ಊಹೆಯ ಮಾತಲ್ಲ ಎಂಬುದಕ್ಕೆ ಸಿಗುವ ಅತ್ಯುತ್ತಮ ಪುರಾವೆ ರಾಜಕೀಯದಿಂದ ಬಂದದ್ದು. 2012ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಬರಾಕ್ ಒಬಾಮಾ ಅವರ ಪ್ರಚಾರ ತಂಡ ಅಂತರ್ಜಾಲದ ಮೂಲಕ ಸುಮಾರು 69 ಕೋಟಿ ಡಾಲರ್ ದೇಣಿಗೆ ಎತ್ತಿತು. ಅದರಲ್ಲಿ ದೊಡ್ಡ ಪಾಲು ಬಂದದ್ದು ಇಮೇಲ್‌ನಿಂದ. ಚುನಾವಣೆ ಮುಗಿದ ಮೇಲೆ ಆ ತಂಡದವರು ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್ ಪತ್ರಿಕೆಗೆ ತಮ್ಮ ಕೆಲಸದ ಒಳಗುಟ್ಟನ್ನು ವಿವರಿಸಿದರು. ಒಂದೊಂದು ಮನವಿಯನ್ನೂ ಹಲವು ರೂಪದಲ್ಲಿ ಬರೆದು, ಪಟ್ಟಿಯ ಸಣ್ಣ ಸಣ್ಣ ಗುಂಪುಗಳಿಗೆ ಕಳಿಸಿ, ಯಾವುದಕ್ಕೆ ಹೆಚ್ಚು ದೇಣಿಗೆ ಬಂತೋ ಅದನ್ನು ಉಳಿದ ಲಕ್ಷಾಂತರ ಜನರಿಗೆ ಕಳಿಸುತ್ತಿದ್ದರು. ಒಮ್ಮೆ ಹೀಗೆ 18 ಬಗೆ ಪರೀಕ್ಷಿಸಿದಾಗ ಗೆದ್ದದ್ದು ‘ಖರ್ಚಿನಲ್ಲಿ ಎದುರಾಳಿಯೇ ನನ್ನನ್ನು ಮೀರಿಸಲಿದ್ದಾರೆ’ ಎಂಬ ಅರ್ಥದ ಶೀರ್ಷಿಕೆ. ಅದೊಂದೇ ಪತ್ರ 26 ಲಕ್ಷ ಡಾಲರಿಗೂ ಹೆಚ್ಚು ತಂದಿತು. ಆ ಪರೀಕ್ಷೆಯಲ್ಲಿ ತೀರಾ ಹಿಂದುಳಿದ ಬಗೆಯನ್ನೇ ಕಳಿಸಿದ್ದರೆ ಬರುತ್ತಿದ್ದದ್ದು ಸುಮಾರು 4 ಲಕ್ಷ ಡಾಲರ್ ಎಂದು ಅವರ ಅಂದಾಜು. ರೂಪದ ಬಗ್ಗೆ ಅವರಿಗೆ ಸಿಕ್ಕ ಉತ್ತರ ಅವರನ್ನೇ ಬೆರಗುಗೊಳಿಸಿತ್ತು. ನೀಟಾಗಿ ವಿನ್ಯಾಸ ಮಾಡಿದ ಪತ್ರಗಳನ್ನು ಒರಟಾಗಿ, ಅಂದಗೆಟ್ಟು ಕಾಣುವ ಪತ್ರಗಳು ಮತ್ತೆ ಮತ್ತೆ ಸೋಲಿಸಿದವು. ಸ್ನೇಹಿತರ ನಡುವಿನ ‘ಹೇ’ ಎಂಬ ಒಂದೇ ಶಬ್ದದ ಶೀರ್ಷಿಕೆ ಭಾರಿ ಫಲ ಕೊಟ್ಟಿತು. ಕಣ್ಣಿಗೆ ಹೊಡೆಯುವ ಹಳದಿ ಬಣ್ಣದಲ್ಲಿ ಸಾಲುಗಳನ್ನು ಗುರುತು ಮಾಡಿ ನೋಡಿದರು, ಅದೂ ಗೆದ್ದಿತು. ಆದರೆ ಕೆಲವು ಸಲ ಕಳಿಸಿದ ಮೇಲೆ ಹಳದಿಯ ಪ್ರಭಾವ ಇಳಿದುಹೋಯಿತು. ಈ ಕೊನೆಯ ವಿವರವನ್ನು ಸಾದಾ ಪತ್ರದ ಅಭಿಮಾನಿಗಳು ಬಿಟ್ಟುಬಿಡುವುದುಂಟು. ನನಗೆ ಅದೇ ಮುಖ್ಯವಾಗಿ ಕಾಣುತ್ತದೆ. ಅಂದಗೆಡಿಸುವುದರಲ್ಲಿ ಮಂತ್ರಶಕ್ತಿ ಏನೂ ಇಲ್ಲ. ಜಾಹೀರಾತು ಎಂದು ಕಣ್ಣು ತಳ್ಳಿಹಾಕುವ ರೂಪದಿಂದ ಪತ್ರ ಎಲ್ಲಿಯವರೆಗೆ ದೂರವಿರುತ್ತದೋ ಅಲ್ಲಿಯವರೆಗೆ ಅದನ್ನು ಓದುತ್ತಾರೆ. ಹಳದಿ ಗುರುತೂ ಅಭ್ಯಾಸವಾದಾಗ ಅದೂ ಒಂದು ಅಲಂಕಾರವಾಯಿತು, ಕಣ್ಣು ಅದನ್ನೂ ದಾಟಿತು. ಸಾದಾ ಬರವಣಿಗೆಗೆ ಈ ಸವಕಲು ಬೇಗ ತಟ್ಟುವುದಿಲ್ಲ, ಏಕೆಂದರೆ ಮನುಷ್ಯರು ಒಬ್ಬರಿಗೊಬ್ಬರು ಬರೆಯುವುದು ಆ ರೂಪದಲ್ಲೇ.

‘ಜನರನ್ನು ಕೇಳಿ ನೋಡಿ, ಚಿತ್ರ ಇರುವುದೇ ಇಷ್ಟ ಎನ್ನುತ್ತಾರೆ’ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ನಿಜ, ಹಾಗೆಯೇ ಹೇಳುತ್ತಾರೆ. ಮಾರ್ಕೆಟಿಂಗ್ ತಂತ್ರಾಂಶ ಮಾರುವ ಹಬ್‌ಸ್ಪಾಟ್ ಎಂಬ ಅಮೆರಿಕದ ಕಂಪನಿ ಈ ಪ್ರಶ್ನೆಯನ್ನೇ ಸಮೀಕ್ಷೆಯಲ್ಲಿ ಕೇಳಿತ್ತು. ಉತ್ತರಿಸಿದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಚಿತ್ರ, ವಿನ್ಯಾಸ ಇರುವ ಮೇಲ್ ಇಷ್ಟ ಎಂದರು. ಆಮೇಲೆ ಅದೇ ಕಂಪನಿ, ಒಂದೇ ವಿಷಯದ ಪತ್ರವನ್ನು ಸಾದಾ ರೂಪದಲ್ಲೂ ಅಲಂಕರಿಸಿದ ರೂಪದಲ್ಲೂ ಕಳಿಸಿ ಹೋಲಿಸಿ ನೋಡಿದಾಗ ಫಲಿತಾಂಶ ಅಡಿಮೇಲಾಯಿತು: ಅಲಂಕಾರ ಹೆಚ್ಚಿದಂತೆ ಲಿಂಕ್ ಒತ್ತುವವರು ಕಡಿಮೆಯಾದರು. ಇದರಲ್ಲಿ ಜನ ಸುಳ್ಳು ಹೇಳಿದರೆಂದು ಅರ್ಥವಲ್ಲ. ಎರಡು ಪತ್ರಗಳನ್ನು ಪಕ್ಕಪಕ್ಕ ಇಟ್ಟು ಯಾವುದು ಚೆಂದ ಎಂದು ಕೇಳಿದಾಗ ನಾವು ನೋಡುಗರಾಗಿ ಉತ್ತರಿಸುತ್ತೇವೆ. ಬಸ್ಸಿನಲ್ಲಿ ನಿಂತು ಹೆಬ್ಬೆರಳಲ್ಲಿ ಪತ್ರ ಸರಿಸುವಾಗ ಬೇರೆಯೇ ಜನರಾಗಿರುತ್ತೇವೆ. ಕಳಿಸುವವರ ಕಚೇರಿಯಲ್ಲೂ ಇದೇ ಆಗುತ್ತದೆ. ದೊಡ್ಡ ಪರದೆಯ ಮೇಲೆ ಹೊಸ ಟೆಂಪ್ಲೇಟ್ ತೋರಿಸಿದಾಗ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಆ ಸಭೆಯಲ್ಲಿ ಪತ್ರ ಪಡೆಯುವವರು ಯಾರೂ ಇರುವುದಿಲ್ಲ. ಇಂಥ ಪ್ರಯೋಗಗಳು ಒಂದೊಂದು ಕಂಪನಿಯ ಓದುಗರ ಮೇಲೆ ನಡೆದವು, ಎಲ್ಲರಿಗೂ ಹಾಗೇ ಅನ್ವಯಿಸುವುದಿಲ್ಲ ಎಂದರೆ ಒಪ್ಪುತ್ತೇನೆ. ಆದರೆ ಅದರಿಂದ ಹೊರಡುವ ತೀರ್ಮಾನ, ‘ನಿಮ್ಮ ಪಟ್ಟಿಯಲ್ಲಿ ಎರಡನ್ನೂ ಕಳಿಸಿ ನೋಡಿ’ ಎಂಬುದು. ಅದನ್ನು ಮಾಡದೆ ಟೆಂಪ್ಲೇಟ್ ಕೊಳ್ಳುವುದಕ್ಕೆ ಸಮರ್ಥನೆ ಸಿಗುವುದಿಲ್ಲ.

ಇಮೇಲ್‌ಗೂ ಮೊದಲಿನ ಪುರಾವೆ ಬೇಕೆಂದರೆ ಅದೂ ಇದೆ. ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಗೆ ಚಂದಾದಾರರನ್ನು ಸೇರಿಸಲು ಮಾರ್ಟಿನ್ ಕಾನ್ರಾಯ್ ಎಂಬ ಜಾಹೀರಾತು ಬರಹಗಾರ 1970ರ ದಶಕದ ನಡುವಿನಲ್ಲಿ ಎರಡು ಪುಟದ ಕಾಗದ ಬರೆದುಕೊಟ್ಟರು. ಒಂದೇ ಕಾಲೇಜಿನಿಂದ ಒಂದೇ ದಿನ ಪದವಿ ಪಡೆದ ಇಬ್ಬರು ಯುವಕರ ಬದುಕು ಇಪ್ಪತ್ತೈದು ವರ್ಷಗಳ ನಂತರ ಹೇಗೆ ಬೇರೆಯಾಗಿತ್ತು ಎಂಬ ಕಥೆಯಿಂದ ಅದು ಶುರುವಾಗುತ್ತದೆ. ಚಿತ್ರವಿಲ್ಲ, ಬಣ್ಣವಿಲ್ಲ, ಟೈಪ್ ಮಾಡಿದ ಕಾಗದದಂಥ ಕಾಗದ. ಸಣ್ಣಪುಟ್ಟ ತಿದ್ದುಪಡಿಗಳೊಂದಿಗೆ ಅದು ಸುಮಾರು 28 ವರ್ಷ ಅಂಚೆಯಲ್ಲಿ ಹೋಗುತ್ತಲೇ ಇತ್ತು. ಅದನ್ನು ಸೋಲಿಸಲು ಬಂದ ಬೇರೆ ಕಾಗದಗಳು ಸೋತದ್ದರಿಂದಲೇ ಅದು ಅಷ್ಟು ಕಾಲ ಉಳಿಯಿತು. ಇಮೇಲ್ ಯುಗದ ಆರಂಭದಲ್ಲಿ ಇಂಥದೇ ಇನ್ನೊಂದು ನಡೆಯಿತು, ಅದರಲ್ಲಿ ಬೆಂಗಳೂರಿನ ಶಾಲೆಯಲ್ಲಿ ಓದಿದವರೊಬ್ಬರ ಪಾತ್ರವೂ ಇದೆ. ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್ 1996ರ ಜುಲೈ 4ರಂದು ಹಾಟ್‌ಮೇಲ್ ಆರಂಭಿಸಿದರು. ಅದರ ಹೆಸರಿನ ಇಂಗ್ಲಿಷ್ ಅಕ್ಷರಗಳಲ್ಲೇ ಎಚ್‌ಟಿಎಂಎಲ್ ಅಡಗಿದೆ. ಆದರೆ ಅದು ಹಬ್ಬಿದ್ದು ಅಲಂಕಾರದಿಂದಲ್ಲ. ಹಾಟ್‌ಮೇಲ್‌ನಿಂದ ಹೊರಟ ಪ್ರತಿ ಪತ್ರದ ಕೊನೆಯಲ್ಲಿ, ನೀವೂ ಉಚಿತ ಇಮೇಲ್ ಪಡೆಯಿರಿ ಎನ್ನುವ ಒಂದೇ ಒಂದು ಸಾಲು ಅಕ್ಷರ ಇರುತ್ತಿತ್ತು. ಬಂಧುಮಿತ್ರರ ಪತ್ರದ ತುದಿಯಲ್ಲಿ ಕಂಡ ಆ ಸಾಲು ಒಂದೂವರೆ ವರ್ಷದೊಳಗೆ ಹತ್ತಾರು ಲಕ್ಷ ಜನರನ್ನು ಸೆಳೆಯಿತು. 1997ರ ಕೊನೆಗೆ ಮೈಕ್ರೋಸಾಫ್ಟ್ ಆ ಕಂಪನಿಯನ್ನು ಕೊಂಡುಕೊಂಡಿತು.

ಓದುವ ಮನಸ್ಸಿನ ಮಾತು ಹಾಗಿರಲಿ, ಯಂತ್ರದ ಕಡೆಯಿಂದ ನೋಡಿದರೂ ಅಲಂಕಾರದ ಬೆಲೆ ಹೆಚ್ಚು. ವೆಬ್‌ಪುಟವನ್ನು ಬ್ರೌಸರುಗಳು ಹೆಚ್ಚುಕಡಿಮೆ ಒಂದೇ ರೀತಿ ತೋರಿಸುತ್ತವೆ. ಇಮೇಲ್‌ಗೆ ಆ ಭಾಗ್ಯ ಇಲ್ಲ. ಮೈಕ್ರೋಸಾಫ್ಟ್ 2007ರ ಔಟ್‌ಲುಕ್‌ನಲ್ಲಿ ಪತ್ರಗಳನ್ನು ತೋರಿಸುವ ಕೆಲಸವನ್ನು ಬ್ರೌಸರಿನ ಯಂತ್ರಾಂಗದಿಂದ ತೆಗೆದು ವರ್ಡ್‌ನ ಯಂತ್ರಾಂಗಕ್ಕೆ ಒಪ್ಪಿಸಿತು. ಅಲ್ಲಿಂದ ಮುಂದೆ ಡಿಸೈನರುಗಳು ಹೊಸ ಪದ್ಧತಿಗಳನ್ನು ಬಿಟ್ಟು, ಕೋಷ್ಟಕದೊಳಗೆ ಕೋಷ್ಟಕ ಹೆಣೆಯುವ 1990ರ ದಶಕದ ವಿಧಾನಕ್ಕೇ ಅಂಟಿಕೊಳ್ಳಬೇಕಾಯಿತು. ಹೀಗೆ ಹೆಣೆದ ಕೋಡು ಊದಿಕೊಳ್ಳುತ್ತದೆ. ಜಿಮೇಲ್ ಒಂದು ಪತ್ರದ ಕೋಡು 102 ಕಿಲೋಬೈಟ್ ಮೀರಿದರೆ ಉಳಿದದ್ದನ್ನು ಕತ್ತರಿಸಿ, ಪೂರ್ತಿ ನೋಡಲು ಇಲ್ಲಿ ಒತ್ತಿ ಎಂಬ ಲಿಂಕ್ ಇಡುತ್ತದೆ. ಚಿತ್ರಗಳ ಭಾರ ಇದರಲ್ಲಿ ಸೇರದು, ಇದು ಬರೀ ಕೋಡಿನ ಲೆಕ್ಕ. ಕತ್ತರಿಸಿ ಹೋಗುವುದು ಪತ್ರದ ಬಾಲ. ‘ಇನ್ನು ಮುಂದೆ ಕಳಿಸಬೇಡಿ’ ಎನ್ನುವ ಅನ್‌ಸಬ್‌ಸ್ಕ್ರೈಬ್ ಲಿಂಕ್ ಇರುವುದೂ ಅಲ್ಲೇ. ಅದು ಸಿಗದ ಓದುಗರು ಕೈಗೆಟುಕುವ ‘ಸ್ಪ್ಯಾಮ್’ ಬಟನ್ ಒತ್ತುತ್ತಾರೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಗಟಾಗಿ ಮೇಲ್ ಕಳಿಸುವವರಿಗೆ ಬಿಗಿ ನಿಯಮ ತಂದಿವೆ: ಸ್ಪ್ಯಾಮ್ ದೂರು ಶೇ 0.3ನ್ನು ಮುಟ್ಟಬಾರದು, ಅಂದರೆ ಸಾವಿರ ಪತ್ರಕ್ಕೆ ಮೂರು ದೂರು ಬಂದರೆ ಅಪಾಯ. ಮಿತಿ ದಾಟಿದವರ ಮುಂದಿನ ಪತ್ರಗಳು, ಗ್ರಾಹಕರು ಕಾಯುತ್ತಿರುವ ಬಿಲ್ಲು, ರಸೀದಿಗಳೂ ಸೇರಿ, ಸ್ಪ್ಯಾಮ್ ಪೆಟ್ಟಿಗೆ ಸೇರಬಹುದು. ಒಂದು ಹೆಚ್ಚಿನ ಅಂಕಣ, ಒಂದು ಹೆಚ್ಚಿನ ಪಟ್ಟಿ ಎಂದು ಶುರುವಾದದ್ದು ಇಷ್ಟು ದೂರ ಹೋಗಬಲ್ಲದು. ಇದಲ್ಲದೆ ಹಲವು ಕಚೇರಿಗಳ ಔಟ್‌ಲುಕ್ ಹೊರಗಿನವರ ಚಿತ್ರಗಳನ್ನು ತಾನಾಗಿ ತೋರಿಸುವುದಿಲ್ಲ. ಫೋನಿನ ಡಾರ್ಕ್ ಮೋಡ್ ಬಣ್ಣಗಳನ್ನು ತಿರುವಿ ಕಪ್ಪು ಲೋಗೋವನ್ನು ಕಪ್ಪು ಹಿನ್ನೆಲೆಯಲ್ಲಿ ಮುಳುಗಿಸುತ್ತದೆ. ಅಕ್ಷರಕ್ಕೆ ಈ ಕಷ್ಟಗಳಿಲ್ಲ.

ಕನ್ನಡದಲ್ಲಿ ಮೇಲ್ ಕಳಿಸುವವರಿಗೆ ಈ ವಿಷಯ ಇನ್ನೂ ಹತ್ತಿರದ್ದು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡದ ಪತ್ರ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ತೆರೆದುಕೊಳ್ಳುತ್ತಿತ್ತು. ಆಗ ಇಡೀ ಬರಹವನ್ನು ಚಿತ್ರವಾಗಿಸಿ ಕಳಿಸುವುದೇ ಭದ್ರವಾದ ದಾರಿಯಾಗಿತ್ತು, ಹಾಗೆ ಮಾಡಿದವರನ್ನು ದೂರುವಂತಿಲ್ಲ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿತ್ತು. ಫೋನು, ಕಂಪ್ಯೂಟರುಗಳೆಲ್ಲ ಅದನ್ನು ಸರಿಯಾಗಿ ತೋರಿಸುವ ಹಂತ ಬರಲು ಮಾತ್ರ ಬಹಳ ಕಾಲ ಹಿಡಿಯಿತು. ಈಗ ಆ ತೊಡಕು ತೀರಿದೆ, ಅಭ್ಯಾಸ ಉಳಿದಿದೆ. ಪುಸ್ತಕ ಬಿಡುಗಡೆ, ನಾಟಕ, ಸೀರೆಯ ರಿಯಾಯಿತಿ, ಕೋಚಿಂಗ್ ತರಗತಿ, ಹೊರದೇಶದ ಕನ್ನಡ ಕೂಟದ ಯುಗಾದಿ ಯಾವುದಿದ್ದರೂ ಪೋಸ್ಟರ್ ಮಾಡಿಸಿ, ಅದೊಂದನ್ನೇ ಮೇಲ್‌ಗೆ ಅಂಟಿಸಿ ಕಳಿಸುತ್ತಾರೆ. ಡಿಸೈನರ್ ಆರಿಸಿದ ಅಂದದ ಕನ್ನಡ ಫಾಂಟನ್ನು ಜಿಮೇಲ್ ಹೊರಗಿನಿಂದ ತಂದು ತೋರಿಸದೆ ಇರುವುದೂ ಇದಕ್ಕೊಂದು ಕಾರಣ. ಚಿತ್ರದೊಳಗೆ ಸಿಕ್ಕಿಕೊಂಡ ಕನ್ನಡವನ್ನು ಮುಂದೊಂದು ದಿನ ಹುಡುಕು ಪೆಟ್ಟಿಗೆಯಲ್ಲಿ ಹುಡುಕಲಾಗದು. ಅದರಲ್ಲಿರುವ ಫೋನ್ ಸಂಖ್ಯೆಯನ್ನು ಒತ್ತಿ ಕರೆ ಮಾಡಲಾಗದು. ಕಣ್ಣು ಕಾಣದವರು ಬಳಸುವ ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್ ಕನ್ನಡ ಅಕ್ಷರವನ್ನು ಗಟ್ಟಿಯಾಗಿ ಓದಿಹೇಳಬಲ್ಲದು. ಚಿತ್ರ ಬಂದಾಗ ಅದಕ್ಕೆ ಓದಲು ಏನೂ ಸಿಗುವುದಿಲ್ಲ. ವಯಸ್ಸಾದವರು ಅಕ್ಷರವನ್ನು ದೊಡ್ಡದು ಮಾಡಿಕೊಂಡರೆ ಪೋಸ್ಟರಿನ ಅಕ್ಷರ ಇದ್ದಷ್ಟೇ ಇರುತ್ತದೆ. ನಮ್ಮ ಭಾಷೆಗೆ ಅಂತರ್ಜಾಲದಲ್ಲಿ ಬರಹ ಸಾಲದೆಂದು ಕೊರಗುವ ನಾವೇ ಇದ್ದ ಬರಹವನ್ನು ಹೀಗೆ ಚಿತ್ರದೊಳಗೆ ಹೂತುಹಾಕುತ್ತಿದ್ದೇವೆ. ಕನ್ನಡದ ಒಂದೊಂದು ಅಕ್ಷರಚಿಹ್ನೆಗೆ ಸಾಮಾನ್ಯ ಸಂಕೇತವಿಧಾನದಲ್ಲಿ ಮೂರು ಬೈಟ್ ಬೇಕು, ಇಂಗ್ಲಿಷಿಗೆ ಒಂದೇ. ಆದ್ದರಿಂದ ಜಿಮೇಲ್‌ನ 102 ಕಿಲೋಬೈಟಿನ ಅಂಚಿಗೆ ಕನ್ನಡ ಪತ್ರ ಬೇಗ ತಲುಪುತ್ತದೆ. ಅಲಂಕಾರದ ಕೋಡಿಗೆ ಬಿಟ್ಟುಕೊಡಲು ನಮ್ಮ ಬಳಿ ಜಾಗವೂ ಕಡಿಮೆ.

ಹಾಗಾದರೆ ಇಳಕಲ್ ಸೀರೆ ಮಾರುವವರು ಏನು ಮಾಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು. ಸೀರೆಯ ಬಣ್ಣ, ಅಂಚು, ಸೆರಗನ್ನು ಮಾತಿನಲ್ಲಿ ಕಟ್ಟಿಕೊಡಲಾಗದು. ಕೊಳ್ಳುವ ನಿರ್ಧಾರ ಮಾಡುವುದು ಕಣ್ಣು. ಅಲ್ಲಿ ಚಿತ್ರ ಬೇಕು, ಒಳ್ಳೆಯ ಚಿತ್ರವೇ ಬೇಕು. ಚನ್ನಪಟ್ಟಣದ ಆಟಿಕೆ, ಮನೆಯ ಪೀಠೋಪಕರಣ, ಹೋಂಸ್ಟೇ ಎಲ್ಲಕ್ಕೂ ಈ ಮಾತು ಸಲ್ಲುತ್ತದೆ. ರೈಲು ಟಿಕೆಟ್, ವಿದ್ಯುತ್ ಬಿಲ್ಲು, ಆರ್ಡರಿನ ವಿವರಗಳಿಗೆ ಕೋಷ್ಟಕವೇ ಸರಿ. ದಿನಾಂಕ, ಮೊತ್ತ, ಸೀಟು ಸಂಖ್ಯೆಯನ್ನು ಪ್ಯಾರಾದೊಳಗೆ ಹುಡುಕಿಸುವುದು ಸರಳತೆಯ ಹೆಸರಿನಲ್ಲಿ ಕೊಡುವ ಕಾಟ. ಇಲ್ಲೆಲ್ಲ ವಿನ್ಯಾಸ ತನ್ನ ಕಾರಣವನ್ನು ತಾನೇ ಕೊಡುತ್ತದೆ. ಆದರೆ ಸೀರೆಗೆ ಚಿತ್ರ ಬೇಕೆಂಬ ನ್ಯಾಯದಿಂದ, ಬೆಲೆಯನ್ನೂ ಅಂಗಡಿಯ ವಿಳಾಸವನ್ನೂ ಮಾರಾಟದ ಕೊನೆಯ ದಿನವನ್ನೂ ಚಿತ್ರದೊಳಗೇ ಬರೆಯಬೇಕು ಎಂಬುದು ಹೊರಡುವುದಿಲ್ಲ. ಸೀರೆಯ ಫೋಟೋ ಚಿತ್ರವಾಗಿರಲಿ, ಮಾತು ಮಾತಾಗಿರಲಿ. ವಿಮೆಯ ಸಲಹೆ, ಪತ್ರಿಕೆಯ ಚಂದಾ, ತರಬೇತಿ, ದೇಣಿಗೆಯ ಮನವಿಗಳಂಥ ಮಾತಿನಲ್ಲೇ ಒಪ್ಪಿಸಬೇಕಾದ ಸಂಗತಿಗಳಿಗಂತೂ ನಗುಮುಖದ ಕುಟುಂಬದ ಬಾಡಿಗೆ ಫೋಟೋ ಏನನ್ನೂ ಸೇರಿಸುವುದಿಲ್ಲ.

ಸಾದಾ ಪತ್ರ ನಂಬಿಕೆ ಹುಟ್ಟಿಸುವುದಿಲ್ಲ, ವಂಚಕರು ಕಳಿಸಿದಂತೆ ಕಾಣುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಬ್ಯಾಂಕಿನವರಿಂದ ಹೆಚ್ಚಾಗಿ ಬರುವಂಥದು. ಇದಕ್ಕೆ ಉತ್ತರವಾಗಿ ಯಾವುದೇ ಫಿಶಿಂಗ್ ಮೇಲ್ ನೋಡಿದರೆ ಸಾಕು. ಲೋಗೋ, ಬಣ್ಣ, ಅಡಿಟಿಪ್ಪಣಿ ಎಲ್ಲವೂ ಅಸಲಿ ಬ್ಯಾಂಕಿನದಂತೆಯೇ ಇರುತ್ತವೆ, ಏಕೆಂದರೆ ನಕಲು ಮಾಡಲು ಅತ್ಯಂತ ಸುಲಭವಾದದ್ದು ಅಲಂಕಾರ. ನಕಲು ಮಾಡಲು ಕಷ್ಟವಾದದ್ದು ವಿಳಾಸ. ಭಾರತೀಯ ರಿಸರ್ವ್ ಬ್ಯಾಂಕ್ ಕೂಡ ಭದ್ರತೆಗಾಗಿ ಹಿಡಿದದ್ದು ಈ ದಾರಿಯನ್ನೇ: ದೇಶದ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಯಾಗುವ ಜಾಲತಾಣದ ವಿಳಾಸಕ್ಕೆ ಬದಲಾಗಬೇಕೆಂದು ಅದು ಸೂಚಿಸಿತು. ಆ ಬಗೆಯ ವಿಳಾಸ ಬ್ಯಾಂಕುಗಳಿಗೆ ಮಾತ್ರ ಸಿಗುತ್ತದೆ. ಗ್ರಾಹಕರಿಗೆ ಲೋಗೋ ನೋಡಿ ನಂಬುವುದನ್ನು ಕಲಿಸುವ ಬ್ಯಾಂಕು ವಂಚಕರ ಕೆಲಸವನ್ನು ಹಗುರ ಮಾಡುತ್ತಿದೆ. ಬ್ರಾಂಡಿನ ಗುರುತು ಬೇಕೇಬೇಕೆಂದರೆ ಪತ್ರದ ಮೇಲೆ ಸಣ್ಣದೊಂದು ಲೋಗೋ ಇರಲಿ, ಅಡ್ಡಿಯಿಲ್ಲ. ಗುರುತು ನಿಜವಾಗಿ ಉಳಿಯುವುದು ಪ್ರತಿ ಸಲವೂ ಅದೇ ಹೆಸರಿನಿಂದ, ಅದೇ ದನಿಯಲ್ಲಿ, ಪಡೆದವರಿಗೆ ಉಪಯೋಗವಾಗುವ ವಿಷಯ ಬಂದಾಗ.

ಅಲಂಕಾರದ ಪರವಾಗಿ ಕಚೇರಿಗಳಲ್ಲಿ ಬಾಯಿಬಿಟ್ಟು ಹೇಳದ ಒಂದು ಕಾರಣವೂ ಇದೆ: ಎಣಿಕೆ. ಎಷ್ಟು ಜನ ಪತ್ರ ತೆರೆದರು ಎಂದು ತಿಳಿಯಲು ಕಣ್ಣಿಗೆ ಕಾಣದ ಒಂದು ಚುಕ್ಕೆಯಷ್ಟು ಚಿತ್ರವನ್ನು ಪತ್ರದೊಳಗೆ ಇಡುತ್ತಾರೆ. ಓದುಗರ ಫೋನು ಅದನ್ನು ಸರ್ವರ್‌ನಿಂದ ಎಳೆದುಕೊಂಡಾಗ ಲೆಕ್ಕ ಬೀಳುತ್ತದೆ. ಶುದ್ಧ ಅಕ್ಷರದ ಪತ್ರದಲ್ಲಿ ಚಿತ್ರಕ್ಕೆ ಜಾಗವಿಲ್ಲ, ಹಾಗಾಗಿ ಎಣಿಕೆಯೂ ಇಲ್ಲ. ಆದರೆ 2021ರ ಸೆಪ್ಟೆಂಬರಿನಲ್ಲಿ ಆಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಖಾಸಗಿತನದ ರಕ್ಷಣೆ ತಂದ ಮೇಲೆ ಈ ಎಣಿಕೆಯೇ ಕುಸಿದಿದೆ. ಆ ರಕ್ಷಣೆಯನ್ನು ಒಪ್ಪಿಕೊಂಡವರ ಪತ್ರಗಳಲ್ಲಿನ ಚಿತ್ರಗಳನ್ನು ಆಪಲ್ ತಾನೇ ಮೊದಲೇ ತರಿಸಿಕೊಳ್ಳುತ್ತದೆ. ಓದದ ಪತ್ರವೂ ಓದಿದಂತೆ ಲೆಕ್ಕಕ್ಕೆ ಬರುತ್ತದೆ. ಯಾರು ಲಿಂಕ್ ಒತ್ತಿದರು, ಯಾರು ಉತ್ತರ ಬರೆದರು, ಯಾರು ಕೊಂಡರು ಎಂಬ ಲೆಕ್ಕ ಸಾದಾ ಪತ್ರದಲ್ಲೂ ಸಿಗುತ್ತದೆ, ವ್ಯಾಪಾರಕ್ಕೆ ಬೇಕಾದದ್ದೂ ಅದೇ.

ನನ್ನ ವಾದಕ್ಕೆ ಎದುರಾಗುವ ಅತ್ಯಂತ ಗಂಭೀರ ಆಕ್ಷೇಪ ನೀತಿಯದು. ಲಕ್ಷ ಜನರಿಗೆ ಹೋದ ಪತ್ರವನ್ನು ಒಬ್ಬರಿಗೇ ಬರೆದಂತೆ ತೋರಿಸುವುದು ಮೋಸವಲ್ಲವೇ? ಬಣ್ಣದ ಪತ್ರ ತಾನು ಜಾಹೀರಾತೆಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತದಲ್ಲ? ಈ ಮಾತಿನಲ್ಲಿ ಸತ್ಯವಿದೆ. ಸಾದಾ ರೂಪ ತನ್ನಷ್ಟಕ್ಕೆ ಸದ್ಗುಣವಲ್ಲ. ಜಗತ್ತಿನ ಮೊದಲ ಸ್ಪ್ಯಾಮ್ ಎಂದು ಹೆಸರಾದ ಪತ್ರ ಶುದ್ಧ ಅಕ್ಷರದ್ದೇ ಆಗಿತ್ತು: 1978ರ ಮೇ ತಿಂಗಳಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಗ್ಯಾರಿ ಥೂರ್ಕ್ ತಮ್ಮ ಕಂಪನಿಯ ಹೊಸ ಕಂಪ್ಯೂಟರುಗಳ ಪ್ರದರ್ಶನಕ್ಕೆ ಕರೆಯುತ್ತ ಆರ್ಪಾನೆಟ್ ಜಾಲದ ಸುಮಾರು 400 ಜನರಿಗೆ ಒಂದೇ ಪತ್ರ ಕಳಿಸಿದರು, ಜಾಲದ ಜನ ಸಿಟ್ಟಿಗೆದ್ದರು. ಸಿಟ್ಟಿಗೆ ಕಾರಣ ಕೇಳದೆ ಬಂದದ್ದು. ಇಂದಿಗೂ ಶೀರ್ಷಿಕೆಯ ಮುಂದೆ ಸುಳ್ಳು ‘ರೀ’ ಹಾಕಿ ನಿಮ್ಮ ಪತ್ರಕ್ಕೆ ಉತ್ತರ ಎಂಬಂತೆ ತೋರಿಸುವವರಿದ್ದಾರೆ. ನಿಮ್ಮ ಹೆಸರನ್ನು ಯಂತ್ರದಿಂದ ಸೇರಿಸಿ ‘ನಿನ್ನೆ ನಿಮ್ಮ ನೆನಪಾಯಿತು’ ಎಂದು ಬರೆಯುವವರಿದ್ದಾರೆ. ಇಂಥ ದಾರಿತಪ್ಪಿಸುವ ಶೀರ್ಷಿಕೆಗಳನ್ನು ಅಮೆರಿಕದ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆ ನಿಷೇಧಿಸಿದೆ, ಅದು ಸರಿಯಾಗಿಯೇ ಇದೆ. ಇಲ್ಲಿ ಕೆಟ್ಟದ್ದು ಸುಳ್ಳು. ಅದನ್ನು ಬಣ್ಣದ ಪತ್ರದಲ್ಲೂ ಹೇಳಬಹುದು, ಹೇಳುತ್ತಲೂ ಇದ್ದಾರೆ. ಕಾನ್ರಾಯ್ ಬರೆದ ಆ ಹಳೆಯ ಕಾಗದ ಈ ವಿಷಯದಲ್ಲಿ ಮಾದರಿ. ಅದು ಶುರುವಾಗುವುದು ಪ್ರಿಯ ಓದುಗರೇ ಎಂದು. ನಿಮ್ಮನ್ನು ಬಲ್ಲೆ ಎಂದು ನಟಿಸುವುದಿಲ್ಲ, ಹಲವರಿಗೆ ಹೋದದ್ದು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೂ ಒಬ್ಬ ಮನುಷ್ಯ ಇನ್ನೊಬ್ಬರಿಗೆ ಹೇಳುವ ರೀತಿಯಲ್ಲಿ ಹೇಳುತ್ತದೆ. ‘ನಮ್ಮಲ್ಲಿ ಪುಸ್ತಕ ಕೊಂಡ ಎಲ್ಲರಿಗೂ ಈ ಪತ್ರ’ ಎಂದು ಮೊದಲ ಸಾಲಿನಲ್ಲೇ ಬರೆದು, ಕಂಪನಿಯ ಹೆಸರಿನಿಂದಲೇ ಕಳಿಸಿ, ಬೇಡವಾದವರಿಗೆ ಹೊರಹೋಗುವ ಲಿಂಕನ್ನು ಎದುರಿಗೇ ಇಟ್ಟ ಸಾದಾ ಪತ್ರದಲ್ಲಿ ಯಾವ ಮರೆಮಾಚುವಿಕೆಯೂ ಇಲ್ಲ.

ಅಲಂಕಾರಕ್ಕೆ ಇನ್ನೊಂದು ಕೆಟ್ಟ ಗುಣವಿದೆ: ಹೇಳಲು ಏನೂ ಇಲ್ಲ ಎಂಬುದನ್ನು ಅದು ಕಳಿಸುವವರಿಂದಲೇ ಮುಚ್ಚಿಡುತ್ತದೆ. ಟೆಂಪ್ಲೇಟಿನಲ್ಲಿ ಐದು ಚೌಕಗಳಿದ್ದರೆ ಐದನ್ನೂ ತುಂಬಬೇಕಾಗುತ್ತದೆ, ತಿಂಗಳಿಗೆ ನಾಲ್ಕು ಸಲ ಕಳಿಸಬೇಕೆಂಬ ವೇಳಾಪಟ್ಟಿ ಇದ್ದರೆ ನಾಲ್ಕು ಸಲವೂ ತುಂಬಬೇಕಾಗುತ್ತದೆ. ಸಾದಾ ಪತ್ರ ಬರೆಯಲು ಕುಳಿತವರಿಗೆ ಎರಡನೆಯ ಸಾಲಿಗೇ ತಿಳಿಯುತ್ತದೆ, ಈ ವಾರ ಹೇಳಬೇಕಾದದ್ದು ಇದೆಯೋ ಇಲ್ಲವೋ ಎಂದು. ಇಲ್ಲದಿದ್ದರೆ ಕಳಿಸದೆ ಇರಬಹುದು. ಓದುಗರ ಪೆಟ್ಟಿಗೆಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ಮುಂದಿನ ಸಲ ನಿಮ್ಮ ಅಂಗಡಿ, ಪ್ರಕಾಶನ ಅಥವಾ ಸಂಘದಿಂದ ನೂರಾರು ಜನರಿಗೆ ಮೇಲ್ ಕಳಿಸುವ ಸಂದರ್ಭ ಬಂದಾಗ ಮೊದಲು ಅದನ್ನು ಯಾವ ಟೆಂಪ್ಲೇಟೂ ಇಲ್ಲದೆ, ಯುನಿಕೋಡ್ ಕನ್ನಡದಲ್ಲಿ ಪೂರ್ತಿ ಬರೆಯಿರಿ. ಏನು, ಎಲ್ಲಿ, ಯಾವಾಗ, ಎಷ್ಟು ಎಂಬುದು ಅಕ್ಷರದಲ್ಲೇ ಇರಲಿ. ಕಣ್ಣಿಂದಲೇ ತೀರ್ಮಾನವಾಗಬೇಕಾದ ವಸ್ತುವಾದರೆ ಒಂದೆರಡು ಫೋಟೋ ಸೇರಿಸಿ, ಪ್ರತಿಯೊಂದಕ್ಕೂ ಅದರಲ್ಲಿ ಏನಿದೆ ಎಂಬ ವಿವರಣೆಯ ಸಾಲು ಬರೆಯಿರಿ. ಆಮೇಲೆ ಆ ಪತ್ರವನ್ನು ನಿಮಗೇ ಕಳಿಸಿಕೊಂಡು, ಸೆಟ್ಟಿಂಗ್ಸ್‌ನಲ್ಲಿ ಚಿತ್ರಗಳನ್ನು ಬಂದ್ ಮಾಡಿ, ಸಣ್ಣ ಫೋನಿನಲ್ಲಿ ಓದಿ ನೋಡಿ. ಹಾಗೆ ಓದಿದಾಗ ವಿಷಯ ಅರ್ಥವಾಗದಿದ್ದರೆ ಕಳಿಸಬೇಡಿ, ತಿದ್ದಿ.